ಹೆಸರಿಲ್ಲದ ಗರಿಗಳ ಪ್ರಾಮಾಣ್ಯ

ಮನೆತನದ ದೇವರ ಕೋಣೆಯಲ್ಲಿ ತಲೆಮಾರುಗಳಿಂದ ಅರಿಸಿನ ಕುಂಕುಮ ಪಡೆಯುತ್ತ, ಯಾರೂ ಬಿಚ್ಚಿ ಓದದೆ ಉಳಿದ ತಾಳೆಗರಿಯ ಕಟ್ಟಿನಲ್ಲಿ ಕರ್ತೃವಿನ ಹೆಸರಾಗಲಿ ಲಿಪಿಕಾರನ ಹೆಸರಾಗಲಿ ಸಿಗದಿದ್ದಾಗ, ಅದರ ಮಾತಿಗೆ ಪ್ರಾಮಾಣ್ಯ, ಎಂದರೆ ನಂಬಲರ್ಹತೆ, ಎಲ್ಲಿಂದ ಬರಬೇಕು? ಆಪ್ತನ, ಅಂದರೆ ವಿಷಯವನ್ನು ಬಲ್ಲ ಸತ್ಯವಂತನ, ಮಾತೇ ಶಬ್ದಪ್ರಮಾಣವೆನ್ನುವ ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಆ ಕಟ್ಟನ್ನು ಸಂಶಯದಿಂದಲೇ ನೋಡಬೇಕಾಗುತ್ತದೆ. ಕರ್ತೃವಿನ ಸ್ಮರಣೆ ಇಲ್ಲದಿರುವುದನ್ನೇ ವೇದದ ಅಪೌರುಷೇಯತ್ವಕ್ಕೆ, ಅಂದರೆ ಅದು ಪುರುಷಕೃತವಲ್ಲವೆಂಬುದಕ್ಕೆ, ಆಧಾರವಾಗಿಸುವ ಮೀಮಾಂಸಾದರ್ಶನದವರೂ ಅಧ್ಯಯನದ ಪರಂಪರೆ ಕಡಿದುಹೋದ ಕಟ್ಟಿಗೆ ಆ ವಾದವನ್ನು ಒದಗಿಸಲಾರರು. ಶರಣರ ವಚನಗಳಿದ್ದ ಇಂಥ ಕಟ್ಟುಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ.ಗು. ಹಳಕಟ್ಟಿಯವರಂಥವರಿಗೆ ವಚನದ ಕೊನೆಯ ಅಂಕಿತ, ಎಂದರೆ ವಚನಕಾರನ ಇಷ್ಟದೈವದ ಹೆಸರು, ಗುರುತಿನ ದಾರಿಯಾಯಿತು. ಆದರೂ ಅಂಕಿತ ದೊರೆತು ಹೆಸರು ದೊರೆಯದ ವಚನಕಾರರು ಹಲವರಿದ್ದು, ಅವರ ಮಾತು ಅದರಿಂದ ತೂಕ ಕಳೆದುಕೊಂಡಿಲ್ಲ. ಪೂಜೆಯು ಗರಿಯನ್ನು ಕಾದೀತು (ಕುಂಕುಮ ಅಕ್ಷರವನ್ನು ಮುಚ್ಚದಿದ್ದರೆ), ಪ್ರಾಮಾಣ್ಯವನ್ನು ಕೊಡಲಾರದು. ಅದು ಓದಿ ಪರೀಕ್ಷಿಸಿದ ಮೇಲಷ್ಟೇ ನಿರ್ಣಯವಾಗತಕ್ಕದ್ದು.