ಯುದ್ಧದ ಸುದ್ದಿಯಲ್ಲಿ ಬರುವ ಐದು ಪದಗಳು

 

*ಇಂದಿನ ಚಿಂತನೆ*

ದೂರದೇಶದ ಯುದ್ಧ ನಮ್ಮ ಊರಿಗೆ ದೂರದ್ದಲ್ಲ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫಿನ ಸಂಬಳದಿಂದ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಉಟ್ಟ ಬಟ್ಟೆಯಲ್ಲೇ ಬಂದವರಲ್ಲಿ ನಮ್ಮ ಕರಾವಳಿಯವರೂ ಇದ್ದರು.

ಹಾಗಾಗಿ ಯುದ್ಧದ ಸುದ್ದಿ ಬಂದಾಗಲೆಲ್ಲ ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೊಲ್ಲುವುದಿಲ್ಲ ಎಂಬ ಮೊದಲ ಶೀಲವನ್ನು ಸ್ವೀಕರಿಸಿದ ನಾವು ಯುದ್ಧದ ಬಗ್ಗೆ ಏನು ಹೇಳಬೇಕು? "ಎಲ್ಲ ಯುದ್ಧವೂ ತಪ್ಪು" ಎಂದು ಹೇಳಿ ಸುಮ್ಮನಾದರೆ ಸಾಕೇ? ಸಾಕು ಎನ್ನುವುದಾದರೆ, 1941ರಲ್ಲಿ ನಮ್ಮ ಯುವಕರು ಸೈನ್ಯಕ್ಕೆ ಸೇರಬೇಕೆಂದು ಬಾಬಾಸಾಹೇಬರು ಏಕೆ ಒತ್ತಾಯಿಸಿದರು?

ಉತ್ತರಕ್ಕೆ ಮೊದಲು ಪದಗಳನ್ನು ನೋಡೋಣ. ಸಮ್ಯಕ್ ವಾಣಿ ಎಂದರೆ ಸುಳ್ಳು ಹೇಳದಿರುವುದು ಮಾತ್ರವಲ್ಲ, ಬಳಸುವ ಪದದ ತೂಕ ತಿಳಿದು ಬಳಸುವುದೂ ಹೌದು. ಯುದ್ಧದ ಸುದ್ದಿಯಲ್ಲಿ ದಿನವೂ ಬರುವ ಐದು ಪದಗಳನ್ನು ಇಂದು ತೂಗಿ ನೋಡೋಣ.

*1. ಮೈತ್ರಿ*

ಪತ್ರಿಕೆಗಳಲ್ಲಿ "ಮೈತ್ರಿಕೂಟ", "ಮಿತ್ರರಾಷ್ಟ್ರಗಳು" ಎಂದು ಓದುತ್ತೇವೆ. ಜಗಳ ಇಬ್ಬರದ್ದಾದರೂ ಯುದ್ಧ ಜಗತ್ತಿನದ್ದಾಗುವುದು ಈ ಮೈತ್ರಿಯಿಂದಲೇ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಆಸ್ಟ್ರಿಯಾ ಸರ್ಬಿಯಾದ ಮೇಲೆ ಹೋಯಿತು. ಸರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ರಷ್ಯಾದ ಜೊತೆಗೆ ಫ್ರಾನ್ಸ್, ಆಮೇಲೆ ಬ್ರಿಟನ್. ಆರು ವಾರ ತುಂಬುವುದರೊಳಗೆ ಯುರೋಪ್ ಹೊತ್ತಿ ಉರಿಯುತ್ತಿತ್ತು. ಬ್ರಿಟನ್ ಬಂದಮೇಲೆ ಅದರ ವಸಾಹತುಗಳೂ ಬರಲೇಬೇಕು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿ ಹೋದರು, 70,000ಕ್ಕೂ ಹೆಚ್ಚು ಮಂದಿ ಸತ್ತರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರಿದ್ದರು. ಮೈಸೂರಿನ ರೈತನ ಮಗನಿಗೂ ತುರ್ಕಿಯ ರೈತನ ಮಗನಿಗೂ ಯಾವ ವೈರ? ಇಬ್ಬರ ಪರವಾಗಿ ಬೇರೆ ಯಾರೋ ಸಹಿ ಹಾಕಿದ್ದರು, ಅಷ್ಟೇ.

ನಾವು ಧ್ಯಾನದಲ್ಲಿ ಹೇಳುವುದೂ ಮೈತ್ರಿ ಎಂಬ ಪದವನ್ನೇ. ಆದರೆ ಮೈತ್ರಿಕೂಟಕ್ಕೆ ಮೂರನೆಯವನೊಬ್ಬ ಶತ್ರು ಬೇಕು, ಅವನಿಲ್ಲದಿದ್ದರೆ ಕೂಟವೇ ನಿಲ್ಲದು. ಬುದ್ಧನ ಮೈತ್ರಿಗೆ ಆ ಮೂರನೆಯವನಿಲ್ಲ. ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾನು ಕಲಿತದ್ದು ಬುದ್ಧನಿಂದ ಎಂದು ಹೇಳಿದ್ದನ್ನು ನೆನೆಯಿರಿ. ಬಂಧುತ್ವದ ಬೇರು ಇರುವುದು ಈ ಮೈತ್ರಿಯಲ್ಲಿ.

*2. ವೀರ*

ನಮ್ಮ ನಾಡಿನ ವೀರಗಲ್ಲುಗಳಲ್ಲಿ ವೀರ ಎಂದರೆ ಒಂದು ಕೆಲಸ ಮಾಡಿ ಸತ್ತವನು: ತುರು ಬಿಡಿಸಿದವನು, ಊರು ಕಾದವನು. 1857ರ ನಂತರ ಬ್ರಿಟಿಷ್ ಸೈನ್ಯ ಬೇರೊಂದು ಲೆಕ್ಕ ತಂದಿತು. ಕೆಲವು ಜಾತಿಗಳು ಹುಟ್ಟಿನಿಂದಲೇ ಶೂರ, ಉಳಿದವು ಅಲ್ಲ. ಇದಕ್ಕೆ "ಸಮರ ಜಾತಿ"ಗಳ ಸಿದ್ಧಾಂತ ಎಂದು ಹೆಸರು. ತಲೆಮಾರುಗಳಿಂದ ಬಾಂಬೆ ಸೈನ್ಯದಲ್ಲಿ ದುಡಿದ ಮಹಾರರಿಗೆ 1890ರ ದಶಕದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಅದೇ ಸೈನ್ಯದ ಸುಬೇದಾರರಾಗಿದ್ದವರು.

ಮುಂದಿನದು ಕೇಳಿ. ಮೊದಲ ಮಹಾಯುದ್ಧದಲ್ಲಿ ಜನ ಸಾಲದಾದಾಗ, 1917ರಲ್ಲಿ, ಮಹಾರರ ಪಡೆಯೊಂದನ್ನು ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಅದನ್ನು ಬರಖಾಸ್ತು ಮಾಡಿದರು. ಎರಡನೆಯ ಮಹಾಯುದ್ಧ ಬಂತು. ಬಾಬಾಸಾಹೇಬರು 1941ರಲ್ಲಿ ರಾಷ್ಟ್ರೀಯ ರಕ್ಷಣಾ ಮಂಡಳಿಯ ಸದಸ್ಯರಾದರು. ಅದೇ ವರ್ಷ ಅಕ್ಟೋಬರ್ 1ರಂದು ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಬೇಕಾದಾಗ ಶೂರ, ಬೇಡವಾದಾಗ ಅಸ್ಪೃಶ್ಯ! ಗುಣವನ್ನು ಹುಟ್ಟಿಗೆ ಕಟ್ಟಿಹಾಕುವ ಚಾತುರ್ವರ್ಣ್ಯದ ಮಾತನ್ನೇ ಇಂಗ್ಲಿಷಿನ ಸಮವಸ್ತ್ರ ತೊಡಿಸಿ ನಿಲ್ಲಿಸಿದ್ದರು.

ಹಿಟ್ಲರನ "ಶ್ರೇಷ್ಠ ಜನಾಂಗ" ಎಂಬ ಮಾತು ಇದೇ ಮರದ ದೊಡ್ಡ ಕೊಂಬೆ. ಆದ್ದರಿಂದಲೇ 1942ರ ನವೆಂಬರಿನಲ್ಲಿ, ಕಾರ್ಮಿಕ ಖಾತೆಯ ಹೊಣೆ ಹೊತ್ತಿದ್ದ ಬಾಬಾಸಾಹೇಬರು ರೇಡಿಯೋದಲ್ಲಿ ಮಾತಾಡುತ್ತ, ಈ ಯುದ್ಧ ಬರಿಯ ನೆಲ ಹಂಚಿಕೆಯ ಜಗಳವಲ್ಲ, ಮನುಷ್ಯರು ಯಾವ ನಿಯಮದಡಿ ಕೂಡಿ ಬಾಳಬೇಕು ಎಂಬುದರ ಜಗಳ ಎಂಬ ಅರ್ಥದ ಮಾತು ಹೇಳಿದರು. ಬ್ರಿಟಿಷರ ಮೇಲಿನ ಪ್ರೀತಿಯಿಂದ ಹೇಳಿದ್ದಲ್ಲ. 1939ರಲ್ಲಿ ಭಾರತೀಯರನ್ನು ಒಂದು ಮಾತೂ ಕೇಳದೆ ವೈಸರಾಯ್ ನಮ್ಮನ್ನು ಯುದ್ಧಕ್ಕೆ ಎಳೆದಿದ್ದ ಎಂಬುದು ಅವರಿಗೆ ಗೊತ್ತಿತ್ತು. ಹುಟ್ಟಿನ ಮೇಲುಕೀಳೇ ಜಗತ್ತಿನ ಕಾನೂನಾದರೆ ಮೊದಲು ತುಳಿಸಿಕೊಳ್ಳುವವರು ಯಾರು ಎಂಬುದೂ ಗೊತ್ತಿತ್ತು.

*3. ತಟಸ್ಥ*

ತಟ ಎಂದರೆ ದಡ. ತಟಸ್ಥ ಎಂದರೆ ದಡದಲ್ಲಿ ನಿಂತವನು. ನದಿಯಲ್ಲಿ ಮುಳುಗುವವರನ್ನು ನೋಡುತ್ತಲೂ ದಡದಲ್ಲಿ ನಿಲ್ಲಬಹುದು.

ನಮ್ಮ ಕಡೆ ತೋಡಿಗೆ ಕಟ್ಟ ಹಾಕುವ ಕಾಲಕ್ಕೆ ಮೇಲಿನ ತೋಟದವರಿಗೂ ಕೆಳಗಿನ ತೋಟದವರಿಗೂ ಮಾತು ಬೆಳೆಯುವುದುಂಟು. ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ಬೆಳೆದದ್ದು ಅಂಥದೇ ಜಗಳ. ಮುದುಕ, ರೋಗಿ, ಶವ, ಸನ್ಯಾಸಿಯರನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. "ಬುದ್ಧ ಮತ್ತು ಅವನ ಧಮ್ಮ"ದಲ್ಲಿ ಅವರು ಹೇಳುವಂತೆ, ಯುದ್ಧದ ಪ್ರಸ್ತಾವ ಶಾಕ್ಯ ಸಂಘದ ಮುಂದೆ ಬಂದಾಗ ಸಿದ್ಧಾರ್ಥ ಎದ್ದುನಿಂತು ವಿರೋಧಿಸಿದ. ನಮ್ಮವರು ಇಬ್ಬರು, ಅವರವರು ಇಬ್ಬರು, ನಾಲ್ವರೂ ಸೇರಿ ಆರಿಸಿದ ಐದನೆಯವನೊಬ್ಬ ಕೂತು ತೀರ್ಮಾನ ಮಾಡಲಿ ಎಂದ. ಬಹುಮತ ಕೇಳಲಿಲ್ಲ. ಸೈನ್ಯಕ್ಕೆ ಸೇರುವುದಿಲ್ಲ ಎಂದಾಗ ಅವನ ಕುಟುಂಬಕ್ಕೆ ಬಹಿಷ್ಕಾರದ, ಜಮೀನು ಮುಟ್ಟುಗೋಲಿನ ಬೆದರಿಕೆ ಬಂತು. ಬಹಿಷ್ಕಾರ ಎಂಬ ಪದದ ಉರಿ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಆ ಶಿಕ್ಷೆ ತನ್ನವರ ಮೇಲೆ ಬೀಳದಿರಲಿ ಎಂದು ಅವನು ತಾನೇ ನಾಡು ಬಿಟ್ಟ.

ಇದು ದಡದಲ್ಲಿ ನಿಲ್ಲುವುದಲ್ಲ. ಅವನು ಕೋಲಿಯರ ಪಕ್ಷವನ್ನೂ ಹಿಡಿಯಲಿಲ್ಲ, ಬಾಯಿಯನ್ನೂ ಮುಚ್ಚಲಿಲ್ಲ, ತನ್ನ ಮಾತಿನ ಬೆಲೆಯನ್ನು ತಾನೇ ಕೊಟ್ಟ. ಕನ್ನಡದಲ್ಲಿ "ಉಪೇಕ್ಷೆ" ಎಂದರೆ ಅಲಕ್ಷ್ಯ ಎಂದಾಗಿಬಿಟ್ಟಿದೆ. ಧಮ್ಮದ ಉಪೇಕ್ಖಾ ಅದಲ್ಲ. ತನ್ನವರು, ಬೇರೆಯವರು ಎಂದು ತಕ್ಕಡಿ ವಾಲದಂತೆ ನೋಡುವ ಮನಸ್ಸು ಅದು.

ಬಾಬಾಸಾಹೇಬರು ಇದನ್ನು ಮೊದಲ ಮಹಾಯುದ್ಧದ ಹೊತ್ತಿನಲ್ಲೇ ಯೋಚಿಸಿದ್ದರು. 1917ರಲ್ಲಿ ಲಂಡನ್ನಿನಿಂದ ಅವರು ಮರಳುವಾಗ ಅವರ ಪುಸ್ತಕಗಳಿದ್ದ ಹಡಗನ್ನು ಜಲಾಂತರ್ಗಾಮಿ ಮುಳುಗಿಸಿತು. ಮರುವರ್ಷ ಬರ್ಟ್ರಂಡ್ ರಸೆಲ್‌ನ ಪುಸ್ತಕವೊಂದನ್ನು ವಿಮರ್ಶಿಸುತ್ತ ಅವರು ಮಂಡಿಸಿದ ವಾದ ಇದು: ಯುದ್ಧವನ್ನು ವಿರೋಧಿಸುವುದು ಬೇರೆ, ಜಡವಾಗಿ ಕೂರುವುದು ಬೇರೆ. ಕಟ್ಟಲು ಬಳಸುವ ಬಲ ಚೈತನ್ಯ, ಕೆಡಿಸಲು ಪೋಲಾಗುವ ಬಲ ಹಿಂಸೆ. ಹಿಂಸೆಗೆ ಹೆದರಿ ಚೈತನ್ಯವನ್ನೇ ಬಿಟ್ಟುಕೊಟ್ಟರೆ ಉಳಿಯುವುದು ಶಾಂತಿಯಲ್ಲ, ಸಾವು.

*4. ಅನಿವಾರ್ಯ*

"ಯುದ್ಧ ಅನಿವಾರ್ಯವಾಯಿತು" ಎಂದು ಪ್ರತಿ ಸರ್ಕಾರವೂ ಹೇಳುತ್ತದೆ. ನಿವಾರಿಸಲು ಆಗದ್ದು ಅನಿವಾರ್ಯ. ಹಾಗಾದರೆ ಕೇಳಬೇಕಾದ ಪ್ರಶ್ನೆ: ನಿವಾರಿಸಲು ಏನು ಮಾಡಿದಿರಿ?

ಮೊದಲ ಶೀಲದ ಗಂಟು ಬಿಚ್ಚುವುದು ಇಲ್ಲಿ. ಬಾಬಾಸಾಹೇಬರ ವಿವರಣೆಯಲ್ಲಿ ಅಹಿಂಸೆ ಒಂದು ತತ್ವ, ಕಟ್ಟಳೆಯಲ್ಲ. ಕಟ್ಟಳೆ ನಮ್ಮ ಪರವಾಗಿ ತಾನೇ ತೀರ್ಮಾನಿಸಿಬಿಡುತ್ತದೆ, ತತ್ವ ತೀರ್ಮಾನದ ಹೊಣೆಯನ್ನು ನಮ್ಮ ಹೆಗಲಿಗೇ ಬಿಡುತ್ತದೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಎಂದು ಅವರು ಗೆರೆ ಎಳೆದರು. ಸೇನಾಪತಿ ಸಿಂಹ ಇದೇ ಸಂಶಯ ಹೊತ್ತು ಬುದ್ಧನ ಬಳಿ ಬಂದ ಪ್ರಸಂಗ "ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್" ಬರಹದಲ್ಲಿದೆ. ಅದರ ಸಾರ: ಶಾಂತಿಯ ಎಲ್ಲ ದಾರಿ ಸೋತಾಗ ನ್ಯಾಯಕ್ಕಾಗಿ ಹೋರಾಡುವವನ ಮೇಲೆ ದೋಷವಿಲ್ಲ, ಯುದ್ಧ ಶುರುಮಾಡಿದವನ ಮೇಲೆ ದೋಷ, ದುಷ್ಟಶಕ್ತಿಗೆ ಶರಣಾಗಬಾರದು, ಸ್ವಾರ್ಥಕ್ಕಾಗಿಯೂ ಹೋರಾಡಬಾರದು.

"ಅಗತ್ಯ ಎಂದು ಎಲ್ಲರೂ ಹೇಳುತ್ತಾರಲ್ಲ?" ಎಂದು ನೀವು ಕೇಳಬಹುದು. ಕೇಳಲೇಬೇಕು. ಬೆಳಗಾವಿಯಲ್ಲಿ ಸೈನ್ಯ ಸೇರಿದ ಯುವಕರ ಕಣ್ಣಮುಂದೆ ನಾಜಿವಾದ ಮಾತ್ರ ಇತ್ತು ಎನ್ನಲಾಗದು. ಸಂಬಳವಿತ್ತು, ಮರ್ಯಾದೆಯಿತ್ತು, ಕೈಗೆ ಬಂದೂಕು ಸಿಗುವ ಹೆಮ್ಮೆಯಿತ್ತು. ಅದನ್ನು ಮುಚ್ಚಿಡಬೇಕಿಲ್ಲ. ಬಾವಿಯ ನೀರು ಮುಟ್ಟಬಾರದ ಮನುಷ್ಯನಿಗೆ ಸಮವಸ್ತ್ರ ಏನೆಂಬುದನ್ನು ಹೊಟ್ಟೆ ತುಂಬಿದವರು ಅಳೆಯಲಾರರು. ಆದರೆ ಒಬ್ಬ ಬಡವ ಸೈನ್ಯ ಸೇರಲು ಇರುವ ಕಾರಣ ಬೇರೆ, ಯುದ್ಧ ನ್ಯಾಯವಾಗಲು ಬೇಕಾದ ಕಾರಣ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಾಧಿಸುವಂತಿಲ್ಲ. ಅಗತ್ಯವನ್ನು ಅಳೆಯಲು ಮೂರು ಪ್ರಶ್ನೆ ಸಾಕು: ಮಾತುಕತೆಯ ಬಾಗಿಲನ್ನು ಮೊದಲು ಮುಚ್ಚಿದವರು ಯಾರು? ಲಾಭ ಯಾರಿಗೆ? ಸಾಯುವುದು ಯಾರ ಮಕ್ಕಳು?

*5. ಕದನವಿರಾಮ*

ಮಕ್ಕಳಿಗೆ ಲೇಖನಚಿಹ್ನೆ ಕಲಿಸುವಾಗ ಅಲ್ಪವಿರಾಮ, ಪೂರ್ಣವಿರಾಮ ಎನ್ನುತ್ತೇವೆ. ಕದನವಿರಾಮ ಯಾವುದು? 1918ರ ನವೆಂಬರ್ 11ರಂದು ಗುಂಡಿನ ಸದ್ದು ನಿಂತಿತು. ಸರಾಯೆವೊದ ಕೊಲೆಗೆ ಸರಿಯಾಗಿ ಐದು ವರ್ಷ ತುಂಬಿದ ದಿನ, 1919ರ ಜೂನ್ 28ರಂದು, ವರ್ಸೈಲ್ಸ್ ಒಪ್ಪಂದವಾಯಿತು. ಸೋತವರ ತಲೆಯ ಮೇಲೆ ಅವಮಾನವನ್ನೂ ಸಾಲವನ್ನೂ ಹೊರಿಸಿದರು. ಆ ಅವಮಾನವನ್ನೇ ಗೊಬ್ಬರ ಮಾಡಿಕೊಂಡು ಹಿಟ್ಲರ್ ಬೆಳೆದ. 1939ರ ಸೆಪ್ಟೆಂಬರ್ 1ರಂದು ಮತ್ತೆ ಯುದ್ಧ. ಪೂರ್ಣವಿರಾಮ ಎಂದುಕೊಂಡದ್ದು ಅಲ್ಪವಿರಾಮವಾಗಿತ್ತು. ಗೆಲುವು ವೈರವನ್ನು ಹೆರುತ್ತದೆ ಎಂಬ ಬುದ್ಧನ ಎಚ್ಚರಿಕೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಗೆಲ್ಲುವುದರ ಜೊತೆಗೆ ನ್ಯಾಯವಾದ ಶಾಂತಿಯನ್ನು ಕಟ್ಟಬೇಕು ಎಂದು ಬಾಬಾಸಾಹೇಬರು ಆ ರೇಡಿಯೋ ಭಾಷಣದಲ್ಲಿ ಒತ್ತಿ ಹೇಳಿದ್ದು ಇದಕ್ಕೇ.

ರೋಹಿಣಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಶಾಕ್ಯರೂ ಕೋಲಿಯರೂ ರಾಜಿಯಾದ ಸುದ್ದಿ ಬಂದಾಗ ಸಿದ್ಧಾರ್ಥ ಮನೆಗೆ ಮರಳಬಹುದಿತ್ತು. ಅವನು ಮರಳಲಿಲ್ಲ. ದೇಶದೇಶಗಳ ಯುದ್ಧ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಸಂಘರ್ಷ ದಿನವೂ ನಡೆಯುತ್ತದೆ, ದುಃಖದ ಬೇರು ಅಲ್ಲಿದೆ ಎಂದು ಅವನಿಗೆ ಕಂಡಿತು. ಬಾಬಾಸಾಹೇಬರು ನಮ್ಮ ಕೈಗಿಟ್ಟ ಬುದ್ಧ ಇವನು. ಟಿವಿಯಲ್ಲಿ ಕದನವಿರಾಮ ಘೋಷಣೆಯಾದ ದಿನವೂ ಯಾವುದೋ ಊರಿನ ಬಾವಿಕಟ್ಟೆಯಲ್ಲಿ, ಶೌಚಗುಂಡಿಯಲ್ಲಿ, ಶಾಲೆಯ ಬಿಸಿಯೂಟದ ಸಾಲಿನಲ್ಲಿ ಘೋಷಣೆಯಿಲ್ಲದ ಕದನ ನಡೆದೇ ಇರುತ್ತದೆ. ಅದಕ್ಕೆ ವಿರಾಮ ಹೇಳುವ ಮಂಡಳಿ ಜಿನೀವಾದಲ್ಲಿಲ್ಲ. ಇಲ್ಲೇ ನಾವು ಕಟ್ಟಬೇಕು.

*ಇಂದಿನ ಅಭ್ಯಾಸ:* ಯುದ್ಧದ ವಿಡಿಯೋ ಒಂದು ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಅದರಲ್ಲಿ ಯಾರನ್ನು ವೀರ ಎಂದಿದ್ದಾರೆ, ಯಾರ ಹೆಸರನ್ನೇ ಹೇಳಿಲ್ಲ ಎಂದು ನೋಡಿ. ಗಲ್ಫಿನಲ್ಲಿ ನಿಮ್ಮವರಿದ್ದರೆ ಫೋನ್ ಮಾಡಿ ಮಾತಾಡಿ. ಅವರ ಪಕ್ಕದ ಹಾಸಿಗೆಯಲ್ಲಿ ಮಲಗುವ ಬೇರೆ ದೇಶದ ಕೆಲಸಗಾರನ ಕ್ಷೇಮವನ್ನೂ ಕೇಳಿ. ಮೈತ್ರಿ ಅಲ್ಲಿಂದ ಶುರುವಾಗಲಿ.

*ಭಾನುವಾರದ ಚರ್ಚೆಗೆ:* ಸಿದ್ಧಾರ್ಥ ಸೈನ್ಯ ಸೇರಲು ಒಪ್ಪಲಿಲ್ಲ. ಬಾಬಾಸಾಹೇಬರು ಸೈನ್ಯ ಸೇರಿ ಎಂದರು. ಇಬ್ಬರದ್ದೂ ಒಂದೇ ದಾರಿ ಎನ್ನಲು ನಿಮ್ಮ ಕಾರಣವೇನು? ಅಲ್ಲ ಎನ್ನುವವರೂ ಬನ್ನಿ, ಕಾರಣ ತನ್ನಿ.

ಭವತು ಸಬ್ಬ ಮಂಗಲಂ.
ಜೈಭೀಮ್.