ಹಣೆಗೆ ಕಟ್ಟಿಕೊಂಡ ಸೂರ್ಯ

ಹೆಡ್‌ಟಾರ್ಚಿಗೆ 1,500 ರೂಪಾಯಿ ದಾಟುವುದಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟೇ ಹೊರಟಿದ್ದೆ. ಹಿಂದಿನ ವರ್ಷ ಓಟದ ಬೂಟಿಗೆ ಸುರಿದ ದುಡ್ಡು ಹೆಂಡತಿಗಿನ್ನೂ ಮರೆತಿರಲಿಲ್ಲ. ಆದರೆ ಟಾರ್ಚು ಬೇಕೇ ಬೇಕಿತ್ತು. ಹೈದರಾಬಾದಿನ ಬಾಲಾನಗರದಲ್ಲಿ ನನ್ನ ಶಿಫ್ಟ್ ಬೆಳಿಗ್ಗೆ ಏಳಕ್ಕೆ. ಓಡುವುದಿದ್ದರೆ ನಾಲ್ಕೂವರೆಗೆ ಕೂಕಟ್‌ಪಲ್ಲಿಯ ಕೆಪಿಎಚ್‌ಬಿ ಕಾಲೊನಿಯ ಮನೆಯಿಂದ ಇಳಿಯಬೇಕು. ಮುಖ್ಯ ರಸ್ತೆಯಲ್ಲಿ ತೊಂದರೆಯಿಲ್ಲ, ಮೆಟ್ರೋ ಕಂಬಗಳ ಕೆಳಗೆ ರಾತ್ರಿಯಿಡೀ ಬೆಳಕು. ಐಡಿಎಲ್ ಚೆರುವು ಎಂಬ ಕೆರೆಯ ಕಡೆ ಹೊರಳಿದರೆ ಕತ್ತಲೆ. ಅಲ್ಲೇ ಒಂದು ದಿನ, ಯಾರೋ ಅಗೆದು ಮುಚ್ಚದೆ ಬಿಟ್ಟ ಗುಂಡಿಯಲ್ಲಿ ಕಾಲಿಟ್ಟು ಮೊಣಕಾಲು ತರಚಿಸಿಕೊಂಡೆ. ಆಗಸ್ಟಿನ ಹೈದರಾಬಾದ್ ಮ್ಯಾರಥಾನಿಗೆ ಎರಡು ತಿಂಗಳಷ್ಟೇ ಇತ್ತು.

ಕೋಠಿಯ ಗುಜರಾತಿ ಗಲ್ಲಿಯಲ್ಲಿ 350 ರೂಪಾಯಿಗೂ ಹೆಡ್‌ಟಾರ್ಚ್ ಸಿಗುತ್ತದೆ. ಡಬ್ಬಿಯ ಮೇಲೆ ಬರೆದ ಲುಮೆನ್ ನಂಬಿದರೆ ಅದರಿಂದ ಒಂದು ಕ್ರಿಕೆಟ್ ಮೈದಾನ ಬೆಳಗಬಹುದು. ನಾನು ಕೊಂಡದ್ದು ಅದಲ್ಲ. ಎಫ್‌ಎಲ್ 1 ಎಂಬ ಅಮೆರಿಕದ ಮಾನದಂಡದಲ್ಲಿ ಅಳೆದದ್ದನ್ನೇ ಹುಡುಕಿದೆ. ಆ ಲೆಕ್ಕದಲ್ಲೂ ಸಣ್ಣ ತಮಾಷೆಯಿದೆ. ಟಾರ್ಚು ಇಷ್ಟು ಗಂಟೆ ಉರಿಯುತ್ತದೆ ಎಂದರೆ, ಹಚ್ಚಿದಾಗಿನ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುವವರೆಗೆ ಎಂದರ್ಥ. ಬೆಳಕು ಇಷ್ಟು ಮೀಟರ್ ಹೋಗುತ್ತದೆ ಎಂದರೆ, ಅದು ಕಾಲು ಲಕ್ಸ್‌ಗೆ ಬಂದು ನಿಲ್ಲುವ ಜಾಗದವರೆಗೆ. ಕಾಲು ಲಕ್ಸ್ ಎಂದರೆ ಮೋಡವಿಲ್ಲದ ಹುಣ್ಣಿಮೆ ರಾತ್ರಿ ನೆಲಕ್ಕೆ ಬೀಳುವ ಬೆಳದಿಂಗಳು, ಹೆಚ್ಚುಕಡಿಮೆ. ಟಾರ್ಚು ಮಾಡುವವರೂ ಕೊನೆಗೆ ಚಂದ್ರನ ಎದುರಿಗೇ ಕೈಮುಗಿದು ನಿಲ್ಲುತ್ತಾರೆ ಎಂದು ನನಗೆ ಖುಷಿಯಾಯಿತು. ಇನ್ನೊಂದು ಮಾತೂ ತಿಳಿಯಿತು: ಎರಡು ಪಟ್ಟು ದೂರ ಕಾಣಬೇಕಾದರೆ ನಾಲ್ಕು ಪಟ್ಟು ಬೆಳಕು ಬೇಕು. ನನ್ನ ವೇಗಕ್ಕೆ ಅಷ್ಟು ದೂರ ಕಂಡು ಏನಾಗಬೇಕು? 200 ಲುಮೆನ್, ಚಾರ್ಜ್ ಮಾಡುವಂಥದ್ದು, ಪಟ್ಟಿ ಸಮೇತ ನೂರು ಗ್ರಾಮಿಗೂ ಕಡಿಮೆ, 1,350 ರೂಪಾಯಿ. ಮಾತು ಉಳಿಯಿತು.

ಮೊದಲ ದಿನವೇ ಒಂದು ವಿಚಿತ್ರ ಕಂಡೆ. ನನಗೆ ಗೊತ್ತಿದ್ದ ಆ ಹಳೆಯ ಗುಂಡಿ ಟಾರ್ಚಿನ ಬೆಳಕಿನಲ್ಲಿ ಗುಂಡಿಯಾಗಿ ಕಾಣಲಿಲ್ಲ. ಸಪಾಟಾಗಿ, ನೆಲಕ್ಕೆ ಬಳಿದ ಬೂದು ಬಣ್ಣದ ಹಾಗೆ ಕಂಡಿತು. ನಿಂತು ಯೋಚಿಸಿದಾಗ ಹೊಳೆಯಿತು. ಬೆಳಕು ನನ್ನ ಕಣ್ಣಿನ ಮೇಲೇ ಕೂತಿದೆ, ಹಾಗಾಗಿ ಪ್ರತಿ ವಸ್ತುವಿನ ನೆರಳೂ ಆ ವಸ್ತುವಿನ ಹಿಂದೆಯೇ ಅಡಗಿಬಿಡುತ್ತದೆ. ನೆರಳು ಕಾಣದಿದ್ದರೆ ಆಳವೂ ಕಾಣದು. ಟಾರ್ಚನ್ನು ಬಿಚ್ಚಿ ಸೊಂಟದ ಹತ್ತಿರ ಹಿಡಿದೆ. ತಕ್ಷಣ ಗುಂಡಿ ಬಾಯಿ ತೆರೆಯಿತು, ಒಂದೊಂದು ಜಲ್ಲಿಕಲ್ಲಿಗೂ ಉದ್ದನೆಯ ನೆರಳು.

ಹಾಗಾದರೆ ಸೊಂಟಕ್ಕೇ ಕಟ್ಟಿದರಾಯಿತಲ್ಲ? ಆಗ ನಾಯಿಗಳು ಕಾಣುವುದಿಲ್ಲ. ಕತ್ತಲಲ್ಲಿ ನಾಯಿಯ ಕಣ್ಣು ಹಸಿರಾಗಿ ಮಿಂಚುವುದು ಬಂದ ಬೆಳಕನ್ನು ಬಂದ ದಾರಿಗೇ ತಿರುಗಿಸುವುದರಿಂದ. ಬೆಳಕು ಹಣೆಯಲ್ಲಿದ್ದರೆ ಆ ಮಿಂಚು ನೇರ ನಮ್ಮ ಕಣ್ಣಿಗೇ ಬರುತ್ತದೆ. ರಸ್ತೆ ಗುಡಿಸುವವರ ಜಾಕೆಟ್ಟಿನ ಪಟ್ಟಿಯೂ ಹಾಗೆಯೇ. ದೂರದಿಂದ ನನಗೆ ಕಂಡದ್ದು ಎರಡು ಬೆಳ್ಳಿ ಗೆರೆ, ಅಷ್ಟೇ. ಅವು ಗಾಳಿಯಲ್ಲಿ ತೂಗುತ್ತ ಬರುತ್ತಿದ್ದವು. ಅವುಗಳ ಮೇಲೊಂದು ಮುಖವಿದೆ ಎಂದು ಗೊತ್ತಾದದ್ದು ದನಿ ಕೇಳಿದ ಮೇಲೆ.

‘ಲೈಟು ಕಿಂದಿಕಿ ಪೆಟ್ಟಂಡಿ ಸಾರ್.’ ಬೆಳಕು ಕೆಳಗಿಡಿ ಅಂತ. ಆಮೇಲೆ ಪಕ್ಕದವಳಿಗೆ ಕನ್ನಡದಲ್ಲಿ, ಅದೂ ನಮ್ಮ ರಾಯಚೂರು ಕಡೆಯ ಕನ್ನಡದಲ್ಲಿ: ‘ಹಣಿಗಿ ಸೂರ್ಯನ್ನ ಕಟ್ಕೊಂಡು ಓಡ್ಲಿಕತ್ತಾನ ನೋಡು.’

‘ತಪ್ಪಾತು ಯವ್ವಾ’ ಎಂದೆ. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು.

ನನಗೆ ಅಪ್ಪ ನೆನಪಾದ. ನಾವು ಲಿಂಗಸೂಗೂರು ತಾಲೂಕಿನ ಹಟ್ಟಿಯವರು. ಅಲ್ಲಿನ ಚಿನ್ನದ ಗಣಿ ಕಂಪನಿ 1947ರಲ್ಲಿ ಹುಟ್ಟಿದ್ದು ನಿಜಾಮರ ಸರ್ಕಾರದ ಕೆಳಗೆ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ಕೂಕಟ್‌ಪಲ್ಲಿಗೆ ಬಂದದ್ದನ್ನು ಪರದೇಶಕ್ಕೆ ಬಂದೆ ಎಂದು ನಾನು ಯಾವತ್ತೂ ಅಂದುಕೊಂಡವನಲ್ಲ. ಅಪ್ಪ ಶಾಫ್ಟಿನಲ್ಲಿ ಇಳಿಯುತ್ತಿದ್ದ. ಹೆಲ್ಮೆಟ್ಟಿನ ಮೇಲೆ ದೀಪ, ಸೊಂಟದಲ್ಲಿ ಅದರ ಭಾರದ ಬ್ಯಾಟರಿ. ಮನೆಯಲ್ಲಿ ಅವನಿಗೊಂದು ಅಭ್ಯಾಸವಿತ್ತು. ಯಾರೇ ಮಾತಾಡಿಸಲಿ, ಮುಖ ಸ್ವಲ್ಪ ಆಚೆ ತಿರುಗಿಸಿಯೇ ಉತ್ತರ ಕೊಡುತ್ತಿದ್ದ. ಅಪ್ಪನಿಗೆ ನಮ್ಮ ಮೇಲೆ ಸಿಟ್ಟು ಎಂದೇ ನಾವು ಮಕ್ಕಳು ತಿಳಿದಿದ್ದೆವು. ನಾನು ದೊಡ್ಡವನಾದ ಮೇಲೆ ಅಪ್ಪನ ಜೊತೆಗಾರನೊಬ್ಬ ಹೇಳಿದ: ಕೆಳಗೆ ಎದುರಿನವನ ಕಣ್ಣಿಗೆ ದೀಪ ಹೊಡೆಯಬಾರದು, ಅದಕ್ಕೇ ಎಲ್ಲರೂ ಓರೆಯಾಗಿ ಮಾತಾಡುವುದು. ದೀಪ ತೆಗೆದಿಟ್ಟ ಮೇಲೂ ಅಪ್ಪನ ಕುತ್ತಿಗೆ ಅದನ್ನು ಮರೆತಿರಲಿಲ್ಲ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನೂ ಯಾಜ್ಞವಲ್ಕ್ಯನೂ ಮಾತಾಡುವುದು ಬೆಳಕಿನ ಬಗ್ಗೆಯೇ. ಮನುಷ್ಯ ಯಾವ ಬೆಳಕಿನಲ್ಲಿ ಓಡಾಡುತ್ತಾನೆ ಎಂದು ರಾಜನ ಪ್ರಶ್ನೆ. ಸೂರ್ಯ ಎನ್ನುತ್ತಾನೆ ಋಷಿ. ಅವನು ಮುಳುಗಿದರೆ? ಚಂದ್ರ. ಅವನೂ ಇಲ್ಲದಿದ್ದರೆ? ಬೆಂಕಿ. ಅದೂ ಆರಿದರೆ? ಮಾತು. ಅದೂ ನಿಂತರೆ ಆತ್ಮ. ಉಪನ್ಯಾಸ ಮಾಡುವವರೆಲ್ಲ ಮೆಟ್ಟಿಲು ಹಾರಿ ಐದನೆಯದಕ್ಕೆ ಓಡುತ್ತಾರೆ. ಐದನೆಯದು ಸುಳ್ಳೆಂದು ನಾನು ಹೇಳುತ್ತಿಲ್ಲ, ಅಷ್ಟು ಮೇಲೆ ಹೋಗಿ ನೋಡಿದವನೂ ಅಲ್ಲ. ನನ್ನ ತಕರಾರು ಇಷ್ಟೇ: ನಾಲ್ಕನೆಯದರಲ್ಲಿ ಯಾರೂ ಸ್ವಲ್ಪ ಹೊತ್ತು ಕೂರುವುದಿಲ್ಲ. ತನ್ನ ಕೈಯೇ ತನಗೆ ಕಾಣದಷ್ಟು ಕತ್ತಲಲ್ಲಿ ಮನುಷ್ಯ ದನಿ ಬಂದತ್ತ ಹೋಗುತ್ತಾನೆ ಎನ್ನುತ್ತಾನಲ್ಲ ಋಷಿ, ಆ ದನಿ ಅವನದಲ್ಲ, ಇನ್ನೊಬ್ಬರದು. ಮೊದಲ ಮೂರು ಬೆಳಕಿಗೆ ನೋಡುವವನೊಬ್ಬನಿದ್ದರೆ ಸಾಕು. ನಾಲ್ಕನೆಯದಕ್ಕೆ ಇಬ್ಬರು ಬೇಕು.

ಐದನೆಯದರ ವಿಷಯಕ್ಕೆ ಬಂದರೆ, ಶೃಂಗೇರಿಯ ವಿದ್ಯಾರಣ್ಯರು 14ನೇ ಶತಮಾನದಲ್ಲಿ ಬರೆದ ‘ಪಂಚದಶಿ’ಯ ಹತ್ತನೇ ಪ್ರಕರಣ ‘ನಾಟಕದೀಪ’ ನನಗೆ ಹೆಚ್ಚು ಹತ್ತಿರ. ನೃತ್ಯಶಾಲೆಯಲ್ಲೊಂದು ದೀಪ. ಅದು ಯಜಮಾನನನ್ನೂ ಸಭಿಕರನ್ನೂ ನರ್ತಕಿಯನ್ನೂ ಒಂದೇ ಸಮ ಬೆಳಗುತ್ತದೆ, ಎಲ್ಲರೂ ಎದ್ದು ಹೋದ ಮೇಲೂ ಉರಿಯುತ್ತಿರುತ್ತದೆ. ಆ ದೀಪವೇ ಸಾಕ್ಷಿ, ಅಂದರೆ ಆತ್ಮ. ಆ ಯಜಮಾನ ಯಾರು ಎಂದರೆ, ಅಹಂಕಾರ. ದೀಪ ಅವನದಲ್ಲ, ಅವನೂ ಅದರಿಂದ ಕಾಣಿಸಿಕೊಳ್ಳುವವನೇ. ಚೆರುವಿನ ದಂಡೆಯಲ್ಲಿ ನಾನು ಮಾಡಿದ್ದು ದೀಪವನ್ನು ಕಿತ್ತು ಯಜಮಾನನ ಹಣೆಗೆ ಕಟ್ಟಿದ ಕೆಲಸ. ಅವನು ತಲೆ ತಿರುಗಿಸಿದ ಕಡೆಗಷ್ಟೇ ಲೋಕ. ಎಲ್ಲ ಸ್ಪಷ್ಟ, ಎಲ್ಲ ಸಪಾಟು. ಎದುರು ಬಂದವರು ಬರೀ ಎರಡು ಗೆರೆ.

ಈಗ ಟಾರ್ಚು ಹಣೆಯಲ್ಲೇ ಇದೆ, ನಾಯಿಗಳಿಗೋಸ್ಕರ. ಆದರೆ ಮೂತಿ ಬಗ್ಗಿಸಿ, ಸಣ್ಣ ಬೆಳಕಿನಲ್ಲಿ. ಬೆಳ್ಳಿ ಗೆರೆ ಕಂಡ ಕೂಡಲೇ ಅಂಗೈ ಅಡ್ಡ ಹಿಡಿಯುತ್ತೇನೆ. ಮೊನ್ನೆ ಹಾಗೆ ಹಿಡಿದು ದಾಟುತ್ತಿದ್ದಾಗ ಅದೇ ಅವ್ವ ಕರೆದಳು. ‘ಯಣ್ಣಾ, ನಿಂದ್ರು. ಇಲ್ಲೀಟು ಸೂರ್ಯನ್ನ ಹಿಡಿ.’ ಉದ್ದ ಕೋಲಿನ ಪೊರಕೆಯ ಕಟ್ಟು ಸಡಿಲಾಗಿ ಕಡ್ಡಿಗಳು ಚೆಲ್ಲಿದ್ದವು. ಟಾರ್ಚು ಬಿಚ್ಚಿ ಅವಳ ಕೈಗಳ ಮೇಲೆ ಬೀಳುವ ಹಾಗೆ ಪಕ್ಕದಿಂದ ಹಿಡಿದೆ. ಕಡ್ಡಿಗಳನ್ನು ಒಟ್ಟುಮಾಡಿ ನೆಲಕ್ಕೆ ಎರಡು ಸಲ ಕುಟ್ಟಿ ಸಮ ಮಾಡಿದಳು. ಸೈಕಲ್ ಟ್ಯೂಬಿನ ಪಟ್ಟಿಯ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಎಳೆದು, ಮೂರು ಸುತ್ತು ಸುತ್ತಿ, ಒಳಗೆ ಸಿಕ್ಕಿಸಿದಳು. ಬೆರಳ ಗಂಟುಗಳ ನೆರಳು ಕೋಲಿನುದ್ದಕ್ಕೂ ಓಡಾಡುತ್ತಿತ್ತು.

‘ಎಷ್ಟು ಕೊಟ್ಟಿ ಇದಕ್ಕ?’

ಹೇಳಿದೆ.

‘ಅಯ್ಯ’ ಎಂದಳು, ಪೊರಕೆ ಎತ್ತಿ ಗುಡಿಸಲು ಶುರುಮಾಡಿದಳು.