ಕೊಟ್ಟವನು ಮೋಸಹೋದನೇ?

ಪ್ರತಿಫಲ ಬಯಸದೆ ಮಾಡಿದ ಕೆಲಸದಿಂದ ಬೇರೊಬ್ಬರು ಲಾಭ ಗಳಿಸಿದರೆ, ಕೊಟ್ಟವನು ಮೋಸಹೋದಂತೆಯೇ?

2008ರಲ್ಲಿ ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಎಂಬ ಮೊಬೈಲ್ ತಂತ್ರಾಂಶದ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದನ್ನು ತಿದ್ದಿ ಬೆಳೆಸಿದ ಸ್ವಯಂಸೇವಕರ 'ಸೈನೋಜೆನ್‌ಮಾಡ್' ಯೋಜನೆಯಿಂದ 2013ರಲ್ಲಿ ಕಂಪನಿಯೊಂದು ಹುಟ್ಟಿತು. 2016ರ ಡಿಸೆಂಬರಿನಲ್ಲಿ ಆ ಕಂಪನಿಯು ಯೋಜನೆಗಿದ್ದ ಬೆಂಬಲವನ್ನು ನಿಲ್ಲಿಸಿತು. ಸ್ವಯಂಸೇವಕರು ಹಳೆಯ ಹೆಸರನ್ನೂ ಬಿಡಬೇಕಾಯಿತು. ಆದರೆ ಅವರ ದುಡಿಮೆ ಮುಕ್ತ ಪರವಾನಗಿಯಡಿ ಉಳಿದಿತ್ತು. ಅದರಿಂದಲೇ ಅವರು 'ಲಿನಿಯೇಜ್‌ಓಎಸ್' ಕಟ್ಟಿದರು. ತಯಾರಕರು ಕೈಬಿಟ್ಟ ಅನೇಕ ಫೋನುಗಳಿಗೆ ಅದು ಮರುಜೀವ ನೀಡಿದೆ.

ಮುಕ್ತವಾಗಿ ಕೊಟ್ಟಿದ್ದರಿಂದಲೇ ಕಂಪನಿ ಅದನ್ನು ಬಳಸಿಕೊಂಡಿತು; ಮುಕ್ತವಾಗಿ ಕೊಟ್ಟಿದ್ದರಿಂದಲೇ ಅದು ಕಂಪನಿಯೊಡನೆ ಅಳಿಯಲಿಲ್ಲ. ವ್ಯಾಪಾರಿಗೆ ತೆರೆದ ಬಾಗಿಲು ಹಳೆಯ ಫೋನನ್ನೇ ನೆಚ್ಚಿದ ಬಡವನಿಗೂ ತೆರೆದಿತ್ತು. ಕೊಟ್ಟವನು ಲೆಕ್ಕ ಕೇಳದಿರಬಹುದು. ಆದರೆ ಪಡೆದವನ ಋಣ ಅಷ್ಟಕ್ಕೇ ತೀರುವುದಿಲ್ಲ. ತಾನೂ ಕೊಡುವವನಾದಾಗಲೇ ಅದು ತೀರುವುದು.